ಅಪ್ಪ ಬರೋದು ಒಂಬತ್ತೂವರೆಗೆ, ಮಗು ಮಲಗೋದು?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಒಂದು ಪುಟಾಣಿ ಆಗಲೇ ಕಣ್ಣು ಉಜ್ಜುತ್ತಿದೆ. ಅಮ್ಮ, ನೀವು ಧಾರಾಳವಾಗಿ ಎದ್ದು ಹೋಗಿ, ನನಗೇನೂ ಬೇಜಾರಿಲ್ಲ. ನಾನು ಹೇಳೋಕೆ ಬಂದಿರೋದೂ ಅದನ್ನೇ.

ನಾನು ಮಕ್ಕಳ ಡಾಕ್ಟರು. ಆದರೂ ನನ್ನ ಮಗಳಿಗೆ ಎರಡು ವರ್ಷವಿದ್ದಾಗ ನಮ್ಮ ಮನೆ ಕಥೆ ಹೀಗಿತ್ತು. ಸಂಜೆ ಏಳೂಕಾಲಾದರೆ ಅವಳು ಕಿವಿ ಎಳೆದುಕೊಳ್ಳುತ್ತಿದ್ದಳು. ಆಟದ ಸಾಮಾನು ಕೈಯಲ್ಲೇ ಇರುತ್ತಿತ್ತು, ನೋಟ ಮಾತ್ರ ಗೋಡೆ ಮೇಲೆ. ‘ಅಪ್ಪ ಬರಲಿ, ಮುಖ ನೋಡಿಕೊಂಡು ಮಲಗಲಿ’ ಅಂತ ಅವಳನ್ನು ಎತ್ತಿಕೊಂಡು ಬಾಲ್ಕನಿಗೆ ಹೋಗುತ್ತಿದ್ದೆ. ನಮ್ಮವರು ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ಒಂಬತ್ತೂವರೆ. ಅಷ್ಟರಲ್ಲಿ ಇವಳು ಸೋಫಾ ಹತ್ತಿ ಕುಣಿಯುತ್ತಿದ್ದಳು. ‘ಇವಳಿಗೆ ನಿದ್ದೆಯೇ ಬರಲ್ಲ ಕಣಮ್ಮ’ ಅನ್ನುತ್ತಿದ್ದರು ನಮ್ಮತ್ತೆ.

ನಿದ್ದೆ ಬಂದಿತ್ತು. ನಾವೇ ಓಡಿಸಿದ್ದೆವು. ನಿದ್ದೆಯ ಹೊತ್ತು ಮೀರಿದರೆ ಮಗು ಸುಸ್ತಾಗಿ ಬೀಳೋದಿಲ್ಲ, ಉಲ್ಟಾ ಹುರುಪು ಬಂದ ಹಾಗೆ ಆಡುತ್ತೆ. ಆಮೇಲೆ ಮಲಗಿಸೋದು ಇನ್ನೂ ಕಷ್ಟ. ರಾತ್ರಿ ಲೇಟಾದರೆ ಬೆಳಿಗ್ಗೆ ಲೇಟಾಗಿ ಏಳುತ್ತೆ ಅನ್ನೋ ಲೆಕ್ಕವೂ ಎಷ್ಟೋ ಮಕ್ಕಳಲ್ಲಿ ತಪ್ಪುತ್ತೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಇದು: 4ರಿಂದ 11 ತಿಂಗಳಿಗೆ ದಿನಕ್ಕೆ 12–16 ಗಂಟೆ, 1–2 ವರ್ಷಕ್ಕೆ 11–14, 3–4 ವರ್ಷಕ್ಕೆ 10–13. ಹಗಲಿನ ನಿದ್ದೆಯೂ ಸೇರಿ. ಬೆಳಿಗ್ಗೆ ಆರೂವರೆಗೆ ಏಳುವ ಮೂರು ವರ್ಷದ ಮಗು ಮಧ್ಯಾಹ್ನ ಒಂದು ಗಂಟೆ ಮಲಗಿದರೆ ರಾತ್ರಿ ಎಷ್ಟೊತ್ತಿಗೆ ಮಲಗಬೇಕು, ನೀವೇ ಕೂಡಿ ಕಳೆದು ನೋಡಿ. ಎಳೆಗೂಸಿಗೆ ಮಾತ್ರ ಈ ಟೈಮ್‌ಟೇಬಲ್ ಬೇಡ. ಮೊದಲ ಎರಡು-ಮೂರು ತಿಂಗಳು ಅದಕ್ಕೆ ಹಗಲು ರಾತ್ರಿಯೇ ಗೊತ್ತಿರಲ್ಲ.

ಮುಖ್ಯವಾದ್ದು ಬೆಳಕು. ಕತ್ತಲಾಗುತ್ತಾ ಬಂದ ಹಾಗೆ ಮೆದುಳಿನಲ್ಲಿ ಮೆಲಟೋನಿನ್ ಅನ್ನೋ ನಿದ್ದೆಯ ಹಾರ್ಮೋನು ಏರುತ್ತೆ, ನಿದ್ದೆ ಕರೆಯುತ್ತೆ. ಬೆಳ್ಳಗಿನ ಟ್ಯೂಬ್‌ಲೈಟು, ಎದುರಿಗೆ ಸೀರಿಯಲ್, ತುತ್ತಿಗೊಂದು ಮೊಬೈಲ್ ವಿಡಿಯೋ ಇದ್ದರೆ ಅದು ಹೇಗೆ ಏರಬೇಕು? ಮಗುವಿಗೆ ಮಲಗು ಅಂತೀವಿ, ಮನೆ ಮಾತ್ರ ಜಾತ್ರೆ.

ನಾವು ಮಾಡಿದ್ದು ಇಷ್ಟು. ಮೊದಲು ಏಳುವ ಹೊತ್ತು ಗಟ್ಟಿ ಮಾಡಿದೆವು, ಭಾನುವಾರವೂ ಅದೇ. ಮಧ್ಯಾಹ್ನದ ನಿದ್ದೆ ಮೂರಕ್ಕೆ ಮುಗಿಸಿದೆವು. ಮಲಗುವ ಹೊತ್ತನ್ನು ಎರಡು-ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತಂದೆವು. ದಿನಾ ಒಂದೇ ಕ್ರಮ: ಊಟ, ಬಿಸಿನೀರಿನ ಸ್ನಾನ, ಸಣ್ಣ ದೀಪ, ಅತ್ತೆಯ ಜೋಗುಳ. ಮೊದಲ ನಾಲ್ಕು ದಿನ ಅಳುವೋ ಅಳು. ನಾನೇ ಸೋತು ಒಂದಿನ ಬಾಲ್ಕನಿಗೆ ಹೋಗಿಬಿಟ್ಟೆ.

ಅಜ್ಜಿಯರಿಗೆ ಒಂದು ಮಾತು, ಕೋಪ ಮಾಡ್ಕೋಬೇಡಿ. ಒಂದು ವರ್ಷದೊಳಗಿನ ಕೂಸನ್ನು ಅಂಗಾತ ಮಲಗಿಸಿ. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಇಡಬೇಡಿ, ಬೇರೆ ದಿಂಬೂ ಬೇಡ. ಮಗು ದಿನಾ ಗೊರಕೆ ಹೊಡೆದರೆ ‘ಗಾಢ ನಿದ್ದೆ’ ಅಂತ ಸುಮ್ನೆ ಇರಬೇಡಿ, ಡಾಕ್ಟರಿಗೆ ತೋರಿಸಿ.

ಒಂದೇ ರೂಮಿನ ಮನೆಯಲ್ಲಿ ಏನು ಮಾಡೋದು ಅಂತ ಕೇಳ್ತೀರಿ. ಕಷ್ಟವೇ, ಇಲ್ಲ ಅನ್ನಲ್ಲ. ಅರ್ಧ ಗಂಟೆ ಟಿವಿ ಬಂದ್ ಮಾಡಿ, ಅಡುಗೆಮನೆ ಕಡೆಯ ಒಂದೇ ಲೈಟು ಬಿಡಿ. ಮಗು ನಿದ್ದೆಗೆ ಜಾರಿದ ಮೇಲೆ ಪಾತ್ರೆ ತೊಳೆಯಬಹುದು.

ಅಪ್ಪನ ವಿಷಯ ಬಾಕಿ ಉಳಿಯಿತು, ಅಲ್ವಾ? ಅವರ ಪಾಲಿಗೆ ಬೆಳಗು ಬಂತು. ಆರೂವರೆಗೆ ಎಬ್ಬಿಸಿ ಹಲ್ಲುಜ್ಜಿಸೋದು, ದೋಸೆ ತಿನ್ನಿಸೋದು ಅವರದೇ ಕೆಲಸ. ಮೊದಲ ವಾರ ಗೊಣಗಿದರು. ಈಗ ಮಗಳು ಜಡೆ ಹಾಕೋಕೂ ನನ್ನನ್ನು ಕರೆಯಲ್ಲ.