ಮುಸುಕು ಸರಿ, ಕಿವಿಯೋಲೆ ಬೇಡವಾಗಿತ್ತು

ಕನ್ನಡಿ ಮುಂದೆ ಏನು ನಡೆಯುತ್ತಿದೆ ಅಂತ ಈ ವಿಡಿಯೋದಲ್ಲಿ ನಿಮಗೇ ಕಾಣುತ್ತಿದೆ, ನಾನು ಹೇಳುವುದಿಲ್ಲ. ಹೂಂ, ಮುಸುಕಿಗೆ ಇದು ಮೂರನೇ ಪಿನ್ನು. ನಗಬೇಡಿ.

ಇದಕ್ಕೆ ಮಾಂಟಿಲ್ಲಾ ಅನ್ನುತ್ತಾರೆ, ಸ್ಪೇನ್ ಕಡೆಯ ಲೇಸಿನ ಮುಸುಕು. ನಾನು ಕ್ಯಾಥೊಲಿಕ್, ಚರ್ಚಿನ ಪೂಜೆಗೆ ಹೋಗುವಾಗ ಹಾಕಿಕೊಳ್ಳುತ್ತೇನೆ. ಕಡ್ಡಾಯವಾ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ. ಮುಂಚೆ ಇತ್ತು. 1917ರ ಚರ್ಚ್ ಕಾನೂನಿನಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು: ಗಂಡಸರು ಬರಿತಲೆ, ಹೆಂಗಸರು ತಲೆ ಮುಚ್ಚಿಕೊಳ್ಳಬೇಕು, ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತೆಗೆದುಕೊಳ್ಳಲು ಹೋಗುವಾಗಂತೂ ಬೇಕೇ ಬೇಕು. 1983ರಲ್ಲಿ ಹೊಸ ಕಾನೂನು ಬಂದು ಹಳೆಯದು ರದ್ದಾಯಿತು. ಹೊಸದರಲ್ಲಿ ಮುಸುಕಿನ ಸುದ್ದಿಯೇ ಇಲ್ಲ. ತಮಾಷೆ ಗೊತ್ತಾ? ಅದಕ್ಕೂ ಮೊದಲು, 1976ರಲ್ಲಿ, ಹೆಂಗಸರು ಗುರುಗಳು, ಅಂದರೆ ಪಾದ್ರಿಗಳು, ಆಗುವಂತಿಲ್ಲ ಅಂತ ವ್ಯಾಟಿಕನ್ ಒಂದು ಪತ್ರ ಹೊರಡಿಸಿತು. ಅದರ ನಡುವೆಯೇ, ಬೈಬಲಿನಲ್ಲಿ ಸಂತ ಪೌಲರು ಕೊರಿಂಥ ಊರಿನ ಕ್ರೈಸ್ತರಿಗೆ ಪತ್ರದಲ್ಲಿ ಹೇಳಿದ ಈ ಮುಸುಕು ಆ ಕಾಲದ ರೂಢಿ, ಈಗ ಕಟ್ಟುಪಾಡಲ್ಲ ಅನ್ನುವ ಮಾತೂ ಬಂದುಹೋಗುತ್ತದೆ.

ಈಗ ಹೋದ ಭಾನುವಾರದ ಕಥೆ. ಶುಭಸಂದೇಶಕ್ಕೆ, ಅಂದರೆ ಯೇಸುವಿನ ಕಥೆ ಓದುವಾಗ, ಎದ್ದು ನಿಂತೆವು. ಹಣೆ, ತುಟಿ, ಎದೆಗೆ ಹೆಬ್ಬೆರಳಲ್ಲಿ ಶಿಲುಬೆ ಗುರುತು ಹಾಕುತ್ತೇವಲ್ಲ, ಹಣೆಗೆ ಕೈ ಹೋದಾಗ ಲೇಸು ಮುಂದಕ್ಕೆ ಜಾರಿತು. ಹಿಂದಕ್ಕೆ ಎಳೆದೆ. ಎಳೆದಿದ್ದೇ ತಪ್ಪು. ಎಡಗಿವಿಯ ಓಲೆಯ ಕೊಕ್ಕೆ ಲೇಸಿನ ತೂತಿಗೆ ಸಿಕ್ಕಿಕೊಂಡಿತು. ತಲೆ ನೆಟ್ಟಗೆ ಮಾಡಿದರೆ ಕಿವಿ ಎಳೆಯುತ್ತದೆ. ಫಾದರ್ ಪ್ರವಚನ ಮುಗಿಯುವವರೆಗೂ ತಲೆ ಓರೆ ಮಾಡಿಕೊಂಡೇ ಕೂತಿದ್ದೆ. ಫಾದರ್‌ಗೆ ನಾನು ತುಂಬಾ ಯೋಚನೆ ಮಾಡುತ್ತಿದ್ದೇನೆ ಅನ್ನಿಸಿರಬೇಕು! ನಮ್ಮ ನಂಬಿಕೆಯನ್ನು ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣ ಹೇಳುವಾಗ ತಲೆ ಬಾಗಿಸಬೇಕು, ಬಾಗಿಸಿದೆ, ಕಣ್ಣಲ್ಲಿ ನೀರು. ಶಾಂತಿ ಹಾರೈಸುವಾಗ ಪಕ್ಕದವರ ಕಡೆ ತಿರುಗಲು ಇಡೀ ಮೈ ತಿರುಗಿಸಬೇಕಾಯಿತು, ಕತ್ತು ಉಳುಕಿದವರ ಹಾಗೆ. ಕೊನೆಗೆ ಹಿಂದಿನ ಸಾಲಿನ ಒಬ್ಬ ಹೆಂಗಸು ಬಗ್ಗಿ, ಮಾತಾಡದೆ, ಎರಡೇ ಬೆರಳಲ್ಲಿ ಬಿಡಿಸಿಕೊಟ್ಟರು. ಅವರ ತಲೆ ಮೇಲೆ ಏನೂ ಇರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಮುಸುಕು ಶುರು ಮಾಡಿದ ಹೊಸದರಲ್ಲಿ ನಾನು ಬರಿತಲೆಯವರನ್ನು ಎಣಿಸುತ್ತಾ ಕೂರುತ್ತಿದ್ದೆ. ನಿಜವಾಗಿಯೂ ಎಣಿಸುತ್ತಿದ್ದೆ. ದೇವರ ಮುಂದೆ ಗಮನ ನಿಲ್ಲಲಿ ಅಂತ ಹಾಕಿಕೊಂಡವಳು ಗಮನವನ್ನೆಲ್ಲ ಬೇರೆಯವರ ತಲೆ ಮೇಲೆ ಇಟ್ಟಿದ್ದೆ. ಈಗ ಎಣಿಸುವುದಿಲ್ಲ. ಸರಿ, ಕಡಿಮೆ ಎಣಿಸುತ್ತೇನೆ. ಹಾಗಂತ ನನ್ನನ್ನು ನೋಡಿ ಹಳೇಕಾಲದವಳು ಅನ್ನುವವರ ಮೇಲೂ ನನಗೆ ಸಿಟ್ಟಿದೆ. ತಲೆ ನನ್ನದು ಅಲ್ವಾ?

ಬಣ್ಣದ ವಿಷಯ. ಮದುವೆಯಾಗದವರಿಗೆ ಬಿಳಿ, ಆದವರಿಗೆ ಕಪ್ಪು ಅನ್ನುವುದು ಬರೀ ರೂಢಿ. ನನ್ನದು ನೀಲಿ. ಪೋಪರನ್ನು ಭೇಟಿ ಮಾಡುವಾಗ ಮಾತ್ರ ಹೆಂಗಸರು ಕಪ್ಪು ಉಡುವ ಸಂಪ್ರದಾಯ ಇದೆ. 1962ರಲ್ಲಿ ಅಮೆರಿಕ ಅಧ್ಯಕ್ಷರ ಹೆಂಡತಿ ಜಾಕ್ವೆಲಿನ್ ಕೆನಡಿ ಕಪ್ಪು ಮಾಂಟಿಲ್ಲಾದಲ್ಲೇ ಹೋಗಿದ್ದರು. ಸ್ಪೇನ್, ಬೆಲ್ಜಿಯಂ ರಾಣಿಯರಂಥ ಕೆಲವೇ ಕ್ಯಾಥೊಲಿಕ್ ರಾಜಮನೆತನದ ಹೆಂಗಸರು ಅಲ್ಲಿ ಬಿಳಿ ಉಡಬಹುದು. ನನಗೆ ಇದು ಸುಮ್ನೆ ಜಂಬ ಅನ್ನಿಸುತ್ತದೆ. ಆದರೆ ಫೋಟೊ ಬಂದರೆ ಜೂಮ್ ಮಾಡಿ ಲೇಸು ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ಅಯ್ಯೋ, ಶಾಟ್ ಮುಗಿಯುತ್ತಾ ಬಂತು, ಬಾಗಿಲ ಹತ್ತಿರ ಬಂದೆವು. ಒಳಗೆ ಕ್ಯಾಮೆರಾ ತರುವುದಿಲ್ಲ. ಓಲೆ ಬ್ಯಾಗಿನಲ್ಲಿದೆ. ನಾಲ್ಕನೇ ಪಿನ್ನೂ ಹಾಕಿದ್ದೇನೆ.