ಪೆರುವಿನ ಹುವಾಂಚಾಕೊ: ಜೊಂಡಿನ ದೋಣಿ, ಮಣ್ಣಿನ ನಗರ, ಮಧ್ಯಾಹ್ನದ ಸೆವಿಚೆ

[ದೃಶ್ಯ: ಮೋಡ ಕವಿದ ತೀರ, ನೆಟ್ಟಗೆ ನಿಲ್ಲಿಸಿದ ಜೊಂಡಿನ ದೋಣಿಗಳ ಸಾಲು]

ನಮಸ್ಕಾರ. ಪೆರುವಿಗೆ ಹೋದವರಲ್ಲಿ ಎಷ್ಟೋ ಜನ ಮಾಚು ಪಿಚು ನೋಡಿ ವಾಪಸ್ಸಾಗ್ತಾರೆ. ಉತ್ತರ ಕರಾವಳಿಯ ಮೀನುಗಾರರ ಊರು ಹುವಾಂಚಾಕೊಗೂ ಒಂದು ದಿನ ಇಟ್ಟುಕೊಳ್ಳಿ.

ರಾಜಧಾನಿ ಲಿಮಾದಿಂದ ಹುವಾಂಚಾಕೊ ಹತ್ತಿರದ ನಗರ ಟ್ರುಹಿಯೊಗೆ ಸುಮಾರು 560 ಕಿ.ಮೀ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಇಳೀತೀರಿ. ಆದರೆ ಲಿಮಾದಲ್ಲಿ ನಮ್ಮ ಮೆಜೆಸ್ಟಿಕ್ ತರ ಎಲ್ಲ ಬಸ್ಸೂ ಒಂದೇ ಕಡೆ ಸಿಗಲ್ಲ. ಹಲವು ಕಂಪನಿಗಳಿಗೆ ತಮ್ಮದೇ ನಿಲ್ದಾಣ ಇದೆ. ಟಿಕೆಟ್ ಮೇಲಿನ ವಿಳಾಸವನ್ನೇ ಟ್ಯಾಕ್ಸಿಯವರಿಗೆ ತೋರಿಸಿ. ಟ್ರುಹಿಯೊದಿಂದ ಹುವಾಂಚಾಕೊ ಸುಮಾರು 12 ಕಿ.ಮೀ.

[ದೃಶ್ಯ: ದೋಣಿಯ ಕಟ್ಟು ಹತ್ತಿರದಿಂದ]

ಬೆಳಗ್ಗೆ ಮೊದಲು ತೀರಕ್ಕೇ ಹೋಗಿ. ತೊತೊರಾ ಎಂಬ ಜೊಂಡನ್ನು ಎರಡು ದೊಡ್ಡ, ಎರಡು ಸಣ್ಣ ಕಂತೆ ಮಾಡಿ ಬಿಗಿದು ಕಟ್ಟಿದರೆ ಈ ದೋಣಿ. ಸೀಳಿದ ಬಿದಿರೇ ಹುಟ್ಟು. ಜೊಂಡು ನೀರು ಹೀರಿ ಭಾರವಾಗುತ್ತೆ. ಅದಕ್ಕೇ ದಡಕ್ಕೆ ಬಂದ ಕೂಡಲೇ ನೀರು ಸೋರಲಿ ಅಂತ ನೆಟ್ಟಗೆ ನಿಲ್ಲಿಸ್ತಾರೆ. ಇಷ್ಟಾದರೂ ಬಾಳಿಕೆ ಕೆಲವು ತಿಂಗಳಷ್ಟೇ, ಆಮೇಲೆ ಹೊಸದು ಕಟ್ಟಬೇಕು. ಜೊಂಡು ಬೆಳೆಯೋ ಹೊಂಡಗಳು ಊರಂಚಲ್ಲೇ ಇವೆ, ನಡೆದುಹೋಗಿ ನೋಡಿ. ಈ ಕರಾವಳಿಯ ಪ್ರಾಚೀನ ಮೋಚೆ ಜನರ ಮಡಕೆಗಳಲ್ಲೂ ಇಂಥದೇ ದೋಣಿ ಕಾಣುತ್ತೆ! ಫೋಟೊ ತೆಗೆಯೋ ಮುಂಚೆ ಮೀನುಗಾರರನ್ನು ಕೇಳಿ.

ಮುಂದೆ ಮಣ್ಣಿನ ನಗರ ಚಾನ್ ಚಾನ್. ಇಂಕಾಗಳಿಗಿಂತ ಮುಂಚಿನ ಚಿಮೂ ರಾಜ್ಯದ ರಾಜಧಾನಿ, 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಬಸ್ಸಿಂದ ಇಳಿದು ಬಾಗಿಲವರೆಗೆ ನಿರ್ಜನ ದಾರಿ, ಒಬ್ಬರೇ ನಡೀಬೇಡಿ. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತೋ ಮುಂಚೆಯೇ ದರ ಮಾತಾಡಿ. ಒಳಗೆ ನಿಕ್ ಆನ್ ಅರಮನೆಯ ಮಣ್ಣಿನ ಗೋಡೆಗಳ ಮೇಲೆ ಮೀನು, ಕಡಲ ಹಕ್ಕಿ, ಬಲೆಯ ಕಣ್ಣಿನ ಚಿತ್ತಾರ. ಎಲ್ ನಿನ್ಯೊ ವರ್ಷಗಳ ಮಳೆ ಈ ಗೋಡೆಗಳನ್ನು ಕರಗಿಸುತ್ತೆ, ಅದಕ್ಕೇ ಮೇಲೆ ಚಾವಣಿ. ದಯವಿಟ್ಟು ಗೋಡೆ ಮುಟ್ಟಬೇಡಿ.

[ದೃಶ್ಯ: ಸೆವಿಚೆ ತಯಾರಿ]

ಈಗ ಸೆವಿಚೆ, ಅಂದರೆ ನಿಂಬೆರಸದಲ್ಲಿ ನೆನೆಸಿದ ಹಸಿ ಮೀನು. ಅರ್ಧ ಕಿಲೊ ತಾಜಾ ಮೀನನ್ನು ಎರಡು ಸೆಂಟಿಮೀಟರ್ ತುಂಡು ಮಾಡಿ. ಮೊದಲು ಉಪ್ಪು, ಆಮೇಲೆ ಅಹಿ ಲಿಮೊ ಮೆಣಸಿನಕಾಯಿ, ಕೊನೆಗೆ ಹತ್ತರಷ್ಟು ನಿಂಬೆಹಣ್ಣಿನ ರಸ, ಮೇಲೆ ತೆಳ್ಳಗೆ ಹೆಚ್ಚಿದ ಕೆಂಪು ಈರುಳ್ಳಿ. ನಿಂಬೆಯನ್ನು ಕೊನೇ ಹನಿವರೆಗೂ ಹಿಂಡಿದರೆ ಸಿಪ್ಪೆಯ ಕಹಿ ಇಳಿಯುತ್ತೆ. ಐದು ನಿಮಿಷ ಸಾಕು. ಜಾಸ್ತಿ ಹೊತ್ತು ಬಿಟ್ಟರೆ ಮೀನು ಬಿರುಸಾಗುತ್ತೆ. ಜತೆಗೆ ಬೇಯಿಸಿದ ಸಿಹಿಗೆಣಸು, ಹುರಿದ ಜೋಳ. ಹುಳಿ ಮೀನನ್ನು ಬೆಳ್ಳಗೆ ಮಾಡುತ್ತೆ, ಆದರೆ ಬೆಂಕಿಯ ಹಾಗೆ ಕ್ರಿಮಿ ಕೊಲ್ಲಲ್ಲ. ಹಾಗಾಗಿ ಅವತ್ತಿನ ಮೀನು, ಮಧ್ಯಾಹ್ನದ ಊಟ, ಇಷ್ಟೇ. ರಾತ್ರಿ ಸೆವಿಚೆ ಬೇಡ.

ಸಸ್ಯಾಹಾರಿಗಳೇ, "ಸಿನ್ ಕಾರ್ನೆ" (ಮಾಂಸ ಬೇಡ) ಅಂದರೆ ಸಾಲದು. ಕೋಳಿ ತಟ್ಟೆಗೆ ಬಂದುಬಿಡಬಹುದು. "ಸಿನ್ ಪೊಯೊ, ಸಿನ್ ಪೆಸ್ಕಾದೊ" (ಕೋಳಿ ಬೇಡ, ಮೀನು ಬೇಡ) ಅಂತಲೂ ಸೇರಿಸಿ. ಪಾಪಾ ಅ ಲಾ ವಾಂಕಾಯಿನಾ ಕೇಳಿ: ಆಲೂಗಡ್ಡೆ ಮೇಲೆ ಚೀಸು, ಹಳದಿ ಮೆಣಸಿನಕಾಯಿಯ ಸಾಸು. ಮೇಲೆ ಮೊಟ್ಟೆ ಇಡ್ತಾರೆ, ಬೇಡದಿದ್ದರೆ "ಸಿನ್ ವೇವೊ" ಅನ್ನಿ.