ಕಾಲು ಕಾಣಲಿ ಅಂತ ಮೇಲೇರಿದ ಲಂಗ

ಕೇಳುಗರಿಗೆಲ್ಲ ನಮಸ್ಕಾರ.

ಹೆಣ್ಣುಮಗುವಿಗೆ ಲೆಹೆಂಗಾನೋ ಫ್ರಾಕೋ ಹೊಲಿಸಲು ಟೈಲರ್ ಹತ್ತಿರ ಹೋದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಒಳಗೆ ಕ್ಯಾನ್‌ಕ್ಯಾನ್ ಹಾಕಬೇಕಾ ಮೇಡಂ?" ಕ್ಯಾನ್‌ಕ್ಯಾನ್ ಅಂದರೆ ಒರಟು ನೆಟ್ ಬಟ್ಟೆಯ ಪದರ. ಅದಿದ್ದರೆ ಲಂಗ ಕೊಡೆಯ ಹಾಗೆ ಅರಳಿ ನಿಲ್ಲುತ್ತದೆ. ನಾನೂ ಸ್ವಲ್ಪ ಹೊಲಿಗೆ ಬಲ್ಲವಳು. ಮಗಳ ಫ್ರಾಕಿಗೆ ಆ ನೆಟ್ಟನ್ನು ನೆರಿಗೆ ಹಿಡಿದು ಬೆರಳು ನೋಯಿಸಿಕೊಂಡವಳು. ಹಾಗಾಗಿ ಯುರೋಪಿನ ಬ್ಯಾಲೆ ನೃತ್ಯದ ನರ್ತಕಿಯರು ತೊಡುವ ಟುಟು, ಅಂದರೆ ಪದರ ಪದರವಾಗಿ ಅರಳಿದ ಆ ಲಂಗ, ಕಂಡಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅದರ ಹೊಲಿಗೆಯ ಕಡೆಗೆ. ಇವತ್ತು ಆ ಟುಟು ಬಗ್ಗೆ ಮಾತಾಡೋಣ.

ಟುಟು ಅನ್ನುವ ಹೆಸರು ಬಂದದ್ದು ಫ್ರೆಂಚ್ ಮಕ್ಕಳ ತೊದಲು ಮಾತಿನಿಂದ, ಹಿಂಬದಿಗೆ ಅವರು ಹೇಳುವ ಪದದಿಂದ ಅಂತ ನಿಘಂಟುಗಳು ಹೇಳುತ್ತವೆ. ಹೆಸರು ಬಂದದ್ದು ತಡವಾಗಿ. ಲಂಗ ಮೇಲೇರಲು ಶುರುವಾಗಿದ್ದು ಅದಕ್ಕೂ ಬಹಳ ಮೊದಲು. 18ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಮರಿ ಕಮಾರ್ಗೋ ಎಂಬ ನರ್ತಕಿ ಇದ್ದಳು. ಮೇಲೆ ಜಿಗಿದು, ಗಾಳಿಯಲ್ಲೇ ಎರಡೂ ಪಾದಗಳನ್ನು ಚಕಚಕನೆ ಅಡ್ಡಡ್ಡ ಆಡಿಸುವುದು ಅವಳ ಹೆಚ್ಚುಗಾರಿಕೆ. ಆದರೆ ನೆಲ ಗುಡಿಸುವ ಲಂಗದೊಳಗೆ ಆ ಕಾಲಾಟ ಯಾರಿಗೆ ಕಾಣಬೇಕು? ಅವಳು ಲಂಗವನ್ನು ಕಣಕಾಲಿನ ಮೇಲಕ್ಕೆ ಏರಿಸಿದಳು. ಟುಟುವಿನ ಕತೆ ಪೂರ್ತಿ ಹೀಗೇ ಸಾಗುತ್ತದೆ. ಮೊದಲು ಕಾಲು ಏನನ್ನೋ ಹೊಸದಾಗಿ ಕಲಿಯುತ್ತದೆ. ಆಮೇಲೆ ಬಟ್ಟೆ ದಾರಿ ಬಿಡುತ್ತದೆ.

1832ರ ಮಾರ್ಚ್ 12. ಪ್ಯಾರಿಸ್ ಒಪೆರಾ ಎಂಬ ರಂಗಮಂದಿರದಲ್ಲಿ 'ಲಾ ಸಿಲ್ಫೀಡ್' ಎಂಬ ಬ್ಯಾಲೆಯ ಮೊದಲ ಪ್ರದರ್ಶನ. ನೃತ್ಯ ಸಂಯೋಜಿಸಿದವರು ಫಿಲಿಪ್ಪೋ ಟಾಗ್ಲಿಯೋನಿ, ಕುಣಿದವರು ಅವರ ಮಗಳು ಮರಿ ಟಾಗ್ಲಿಯೋನಿ. ಪಾತ್ರ ಗಾಳಿಯಲ್ಲಿ ತೇಲುವ ಕನ್ಯೆಯದು. ಆಕೆ ಕಾಲ್ಬೆರಳ ತುದಿಯ ಮೇಲೆ ನಿಂತರೆ ನೆಲಕ್ಕೆ ತಾಗಿಯೇ ಇಲ್ಲವೇನೋ ಅನ್ನಿಸಬೇಕು. ಅದಕ್ಕೆ ಗಂಟೆಯಾಕಾರದ ಬಿಳಿ ಲಂಗ. ಮೀನಖಂಡದವರೆಗೆ ಮಾತ್ರ ಬರುವ, ಪದರ ಪದರವಾದ ತೆಳು ಬಟ್ಟೆ. ಆಗಿನ್ನೂ ಹತ್ತು ವರ್ಷದ ಹಿಂದೆಯಷ್ಟೇ ಆ ರಂಗಕ್ಕೆ ಗ್ಯಾಸ್ ದೀಪ ಬಂದಿತ್ತು. ಮಂದ ಬೆಳಕಿನಲ್ಲಿ ಬಿಳಿ ಪದರಗಳು ಬೆಳದಿಂಗಳಂತೆ ಹೊಳೆದವು. ಅಲ್ಲಿಂದ ಮುಂದೆ ಬ್ಯಾಲೆ ಅಂದರೆ ಬಿಳಿ ಲಂಗ ಅನ್ನುವಂತಾಯಿತು.

ಆ ದೀಪವೇ ಎಷ್ಟೋ ಹುಡುಗಿಯರ ಜೀವ ತೆಗೆಯಿತು.

ದೀಪಾವಳಿ ಬಂತೆಂದರೆ ನಾವು ಮಕ್ಕಳಿಗೆ ಹೇಳುತ್ತೇವೆ, "ನೆಟ್ ಫ್ರಾಕ್ ಬೇಡ, ಕಾಟನ್ ಹಾಕ್ಕೋ" ಅಂತ. ಅಂದಿನ ನರ್ತಕಿಯರು ಉಡುತ್ತಿದ್ದುದು ಹತ್ತಿ ಬಟ್ಟೆಯನ್ನೇ, ಗಂಜಿ ಹಾಕಿದ ತೆಳು ಮಸ್ಲಿನ್ನನ್ನು. ಆದರೆ ಬಟ್ಟೆ ಅಷ್ಟು ತೆಳುವಾಗಿ, ಪದರಗಳ ನಡುವೆ ಗಾಳಿ ತುಂಬಿಕೊಂಡಿದ್ದರೆ ಹತ್ತಿಯೂ ಹುಲ್ಲಿನ ಮೆದೆಯ ಹಾಗೆ ಹತ್ತಿಕೊಳ್ಳುತ್ತದೆ. 1844ರಲ್ಲಿ ಲಂಡನ್ನಿನ ರಂಗದ ಮೇಲೆ ಕ್ಲಾರಾ ವೆಬ್‌ಸ್ಟರ್ ಹೀಗೆ ಸುಟ್ಟುಕೊಂಡು ತೀರಿಕೊಂಡಳು. ನನ್ನ ಮನಸ್ಸಿನಿಂದ ಹೋಗದವಳು ಎಮ್ಮಾ ಲಿವ್ರಿ. ಹದಿನಾರರ ವಯಸ್ಸಿಗೇ ಪ್ಯಾರಿಸ್ ಒಪೆರಾದಲ್ಲಿ ಟಾಗ್ಲಿಯೋನಿಯ ಅದೇ ಗಾಳಿಕನ್ಯೆಯ ಪಾತ್ರ ಮಾಡಿದ ಹುಡುಗಿ. ಸ್ವತಃ ಮರಿ ಟಾಗ್ಲಿಯೋನಿ ಅವಳನ್ನು ಶಿಷ್ಯೆಯಾಗಿ ತೆಗೆದುಕೊಂಡು, ಅವಳಿಗೆಂದೇ ಚಿಟ್ಟೆಯ ಕತೆಯ ಒಂದು ಬ್ಯಾಲೆ ಸಂಯೋಜಿಸಿದರು. ಅದರಲ್ಲಿ ಚಿಟ್ಟೆ ದೀವಟಿಗೆಯ ಹತ್ತಿರ ಹೋಗಿ ರೆಕ್ಕೆ ಸುಟ್ಟುಕೊಳ್ಳುತ್ತದೆ.

ಬಟ್ಟೆಗೆ ಬೆಂಕಿ ಹತ್ತದಂತೆ ಮಾಡುವ ದ್ರಾವಣ ಆಗಲೇ ಬಂದಿತ್ತು. ಉಡುಪನ್ನು ಅದರಲ್ಲಿ ಅದ್ದಬೇಕೆಂದು ಫ್ರಾನ್ಸಿನ ಸರ್ಕಾರ 1859ರಲ್ಲೇ ಆಜ್ಞೆ ಮಾಡಿತ್ತು. ಆದರೆ ಅದ್ದಿದರೆ ಬಟ್ಟೆ ಬಿರುಸಾಗಿ ಮಾಸಲು ಬಣ್ಣಕ್ಕೆ ತಿರುಗುತ್ತಿತ್ತು. ಎಮ್ಮಾ ಒಪ್ಪಲಿಲ್ಲ. ಮಾಮೂಲಿ ಲಂಗದಲ್ಲೇ ಕುಣಿಯುತ್ತೇನೆಂದು ಬರೆದುಕೊಟ್ಟಳು. 1862ರ ನವೆಂಬರ್ 15ರಂದು ತಾಲೀಮಿನಲ್ಲಿ ಅವಳ ಲಂಗಕ್ಕೆ ಗ್ಯಾಸ್ ದೀಪದ ಬೆಂಕಿ ತಾಗಿತು. ಎಂಟು ತಿಂಗಳು ನರಳಿ, ಮರುವರ್ಷ ಜುಲೈ 26ರಂದು ಹೋಗಿಬಿಟ್ಟಳು. ವಯಸ್ಸು ಬರೀ 20. ಸುಟ್ಟುಳಿದ ಆ ಉಡುಪಿನ ಚೂರುಗಳು ಇಂದಿಗೂ ಪ್ಯಾರಿಸ್ ಒಪೆರಾದ ಸಂಗ್ರಹಾಲಯದಲ್ಲಿವೆ. ಹಟಮಾರಿ ಹುಡುಗಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಬಿರುಸು ಬಟ್ಟೆಯಲ್ಲಿ ತೇಲುವುದು ಹೇಗೆ ಅನ್ನುವುದು ಅವಳಿಗೆ ನಿಜವಾದ ಪ್ರಶ್ನೆಯೇ ಆಗಿತ್ತು, ಅಲ್ವಾ?

ಮುಂದೆ ಕತೆ ರಷ್ಯಾಕ್ಕೆ ಹೋಗುತ್ತದೆ. 1880ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಇಟಲಿಯ ನರ್ತಕಿಯರು ಬಂದರು. ವರ್ಜೀನಿಯಾ ಜುಕ್ಕಿ ಲಂಗವನ್ನು ಮೊಣಕಾಲಿನ ಮೇಲಕ್ಕೆ ತಂದಳು. 1895ರ 'ಸ್ವಾನ್ ಲೇಕ್' ಎಂಬ ಬ್ಯಾಲೆಯಲ್ಲಿ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತು ತಿರುಗಿದಳು. ಅಂಥ ಸುತ್ತಿಗೆ ಉದ್ದ ಲಂಗ ಕಾಲಿಗೆ ಸುತ್ತಿಕೊಳ್ಳುತ್ತದೆ. ಕೊನೆಗೆ ಲಂಗ ಸೊಂಟದಿಂದ ತಟ್ಟೆಯ ಹಾಗೆ ಅಡ್ಡಕ್ಕೆ ನಿಂತುಬಿಟ್ಟಿತು.

ಅದು ನಿಲ್ಲುವುದು ಹೇಗೆ? ಒಂದು ಚಡ್ಡಿಗೆ ಸಾಲು ಸಾಲಾಗಿ ನೆಟ್ಟಿನ ಫ್ರಿಲ್ ಹೊಲಿಯುತ್ತಾರೆ. ತೊಡೆಯ ಹತ್ತಿರದ್ದು ಬಲು ಗಿಡ್ಡ. ಮೇಲೆ ಹೋದಂತೆ ಅಗಲ ಜಾಸ್ತಿ. ಹತ್ತು ಹನ್ನೆರಡು ಸಾಲು. ಕೆಳಗಿನ ಗಿಡ್ಡ ಪದರಗಳು ಮೇಲಿನವನ್ನು ಹೊತ್ತು ನಿಲ್ಲುತ್ತವೆ. ನಡುವಿನ ಪದರದಲ್ಲಿ ಲಂಗದ ಸುತ್ತ ಬರುವ ತೆಳು ಬಳೆಯೊಂದನ್ನು ಸೇರಿಸುವುದೂ ಉಂಟು. ಕೊನೆಗೆ ಎಲ್ಲ ಪದರಗಳನ್ನೂ ಉದ್ದುದ್ದ ಕಚ್ಚಾ ಹೊಲಿಗೆಯಿಂದ ಸಡಿಲವಾಗಿ ಹಿಡಿಸುತ್ತಾರೆ. ಬಿಗಿದರೆ ಲಂಗ ಮುದುಡುತ್ತದೆ, ಬಿಟ್ಟರೆ ಚೆದುರುತ್ತದೆ. ಇದು ಪೂರ್ತಿ ಕೈಕೆಲಸ. ಬಳೆ ಇರುವ ಟುಟುಗಳು ಒಂದಕ್ಕೊಂದು ತಗುಲಿದರೆ ಮೇಲೆದ್ದುಬಿಡುತ್ತವೆ. ಹಾಗಾಗಿ 1950ರಲ್ಲಿ ನ್ಯೂಯಾರ್ಕಿನಲ್ಲಿ ಬಾರ್ಬರಾ ಕರಿನ್ಸ್ಕಾ ಬಳೆಯನ್ನೇ ತೆಗೆದುಹಾಕಿ, ಪೌಡರ್ ಹಚ್ಚುವ ಪಫ್‌ನಂಥ ಮೆತ್ತನೆ ಟುಟು ಹೊಲಿದರು. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ದೊಡ್ಡ ಜಾಣ್ಮೆ ಆ ದರ್ಜಿಯದ್ದು.

ಫ್ಯಾಷನ್ ಈ ಲಂಗವನ್ನು ಬಿಟ್ಟೀತೇ? 1947ರಲ್ಲಿ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಬಿಗಿ ಸೊಂಟ, ತುಂಬು ಲಂಗದ ಉಡುಪು ತಂದಾಗ ಅದರಲ್ಲಿ ಬ್ಯಾಲೆಯ ಛಾಯೆ ಇತ್ತು. ಹೆಸರಾಂತ ನರ್ತಕಿ ಮಾರ್ಗೋ ಫೊಂಟೇನ್ ರಂಗದ ಹೊರಗೆ ಅವರ ಉಡುಪುಗಳನ್ನೇ ಮೆಚ್ಚಿ ಉಡುತ್ತಿದ್ದರು. 1998ರಲ್ಲಿ ಶುರುವಾದ ಒಂದು ಅಮೆರಿಕನ್ ಧಾರಾವಾಹಿಯ ಆರಂಭದಲ್ಲಿ ನಾಯಕಿ ಬಿಳಿ ಟುಟು ತೊಟ್ಟು ಬೀದಿಯಲ್ಲಿ ನಡೆಯುತ್ತಾಳೆ. ವಸ್ತ್ರವಿನ್ಯಾಸಕಿ ಪ್ಯಾಟ್ರಿಷಿಯಾ ಫೀಲ್ಡ್ ಅದನ್ನು ಐದು ಡಾಲರಿನ ರಾಶಿಯಿಂದ ಹೆಕ್ಕಿ ತಂದಿದ್ದರಂತೆ. ಆ ಚಿತ್ರೀಕರಣದ ಟುಟುಗಳಲ್ಲಿ ಒಂದು 2024ರಲ್ಲಿ 52,000 ಡಾಲರಿಗೆ ಹರಾಜಾಯಿತು. ಆಮೇಲೆ ಟೀ ಶರ್ಟಿನ ಕೆಳಗೆ, ಸ್ವೆಟರಿನ ಕೆಳಗೆ, ಮಕ್ಕಳ ಹುಟ್ಟುಹಬ್ಬದ ಬಟ್ಟೆಯಲ್ಲಿ ಎಲ್ಲೆಲ್ಲೂ ನೆಟ್ ಲಂಗವೇ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಬ್ಯಾಲೆ ತಂಡಗಳಲ್ಲಿ ಟುಟುವನ್ನು ನಮ್ಮ ಬಟ್ಟೆಗಳ ಹಾಗೆ ಹ್ಯಾಂಗರಿಗೆ ನೇರವಾಗಿ ಹಾಕುವುದಿಲ್ಲ. ತಲೆಕೆಳಗಾಗಿ ತೂಗುಹಾಕುತ್ತಾರೆ. ಇಲ್ಲದಿದ್ದರೆ ಪದರಗಳು ಜೋತುಬೀಳುತ್ತವೆ. ಇದು ಗೊತ್ತಾದ ಮೇಲೆ ಮಗಳ ಫ್ರಾಕನ್ನೂ ನಾನು ಹಾಗೇ ಬುಡ ಮೇಲು ಮಾಡಿ ಬೀರುವಿನಲ್ಲಿ ತೂಗುಹಾಕಿದ್ದೇನೆ. ನೆಟ್ಟು ಈಗಲೂ ಹೊಸದರಂತೆ ಅರಳಿಯೇ ಇದೆ.

ನಮಸ್ಕಾರ.